ಹುಳು ಮನೆಯಲ್ಲಿ ಹೀಟರ್, ಫಾಗರ್ ಪಂಪು ಜಗಳವಾಡಿದರೆ

ಪ್ರಶ್ನೆ: ನಮ್ಮದು ಕೊಳ್ಳೇಗಾಲದ ಹತ್ತಿರ ಮುಳ್ಳೂರು. ರೇಷ್ಮೆ ಹುಳು ಮನೆಗೆ ಆಟೋಮ್ಯಾಟಿಕ್ ಹೀಟರ್, ಫಾಗರ್ ಹಾಕಿಸಿದ್ದೇವೆ. ರಾತ್ರಿಯಿಡೀ ಒಂದರ ಹಿಂದೆ ಒಂದು ಓಡುತ್ತಲೇ ಇರುತ್ತವೆ. ಏನು ಮಾಡಲಿ?

ಉತ್ತರ: ಗಾಳಿ ಬಿಸಿಯಾದರೆ ತೇವಾಂಶದ ಶೇಕಡಾವಾರು ಇಳಿಯುತ್ತದೆ, ಆಗ ಪಂಪು ಓಡುತ್ತದೆ. ಅದು ಚಿಮ್ಮಿಸಿದ ಮಂಜು ಆವಿಯಾಗುತ್ತ ಮನೆಯನ್ನು ತಣ್ಣಗಾಗಿಸುತ್ತದೆ, ಮತ್ತೆ ಹೀಟರ್ ಆನ್. ಆದ್ದರಿಂದ ಮೊದಲ ಹಕ್ಕು ಹೀಟರಿಗಿರಲಿ. ಶಾಖ ಮುಟ್ಟಿದ ಮೇಲಷ್ಟೇ ಪಂಪು ಅರ್ಧ ನಿಮಿಷ ಓಡಿ, ಐದು ನಿಮಿಷ ಸುಮ್ಮನಿರುವಂತೆ ಟೈಮರ್ ಕೂರಿಸಿ. ಆನ್–ಆಫ್ ನಡುವೆ ಶಾಖಕ್ಕೆ 1 ಡಿಗ್ರಿ, ತೇವಾಂಶಕ್ಕೆ ಶೇ. 5 ಅಂತರ ಕೊಡಿ. ಸೆನ್ಸರ್ ತಟ್ಟೆಗಳ ಎತ್ತರದಲ್ಲಿರಲಿ, ಅದಕ್ಕೆ ಮಂಜು ನೇರವಾಗಿ ಬಡಿಯಬಾರದು.

ಒಂದೇ ಸೆಟ್ಟಿಂಗಿನಲ್ಲಿ ಇಡೀ ಬೆಳೆ ತೆಗೆಯಬೇಡಿ. ಚಾಕಿ ಹುಳುವಿಗೆ 27–28 ಡಿಗ್ರಿ, ಶೇ. 85–90 ತೇವಾಂಶ ಬೇಕು. ಐದನೇ ಹಂತಕ್ಕೆ 24 ಡಿಗ್ರಿ, ಶೇ. 70 ಸಾಕು. ದೊಡ್ಡ ಹುಳುವಿಗೂ ಚಾಕಿಯ ತೇವ ಉಳಿಸಿದರೆ ಹಾಸಿಗೆ ಹಸಿಯಾಗಿ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಹುಳು ಪೊರೆ ಕಳಚಲು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು. ಅದಕ್ಕಾಗಿ ಪಂಪಿಗೆ ಬೇರೆ ಸ್ವಿಚ್ ಹಾಕಿಸಿ, ಆ ಹೊತ್ತು ನೀವೇ ಆಫ್ ಮಾಡಿ. ಈ ನಿರ್ಧಾರವನ್ನು ಯಂತ್ರಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

2 ಕಿಲೋವಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಕಂಟ್ರೋಲರಿನ ಪುಟ್ಟ ರಿಲೇ ಮೇಲೆ ಆ ಭಾರ ಹೊರಿಸದೆ ಕಾಂಟ್ಯಾಕ್ಟರ್ ಹಾಕಿಸಿ. ತೊಟ್ಟಿ ಬರಿದಾದರೆ ಪಂಪು ನಿಲ್ಲಲು ಫ್ಲೋಟ್ ಸ್ವಿಚ್ ಬೇಕು. ಮಂಜು ತುಂಬಿದ ಮನೆಯಲ್ಲಿ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಇದ್ಯಾವುದನ್ನೂ ಚಾಲೂ ಮಾಡಬೇಡಿ.