ಬಾಗಿಲು ತೆರೆಯುವ ಮುನ್ನ: ಹೋಟೆಲಿನ ಗಾಳಿ, ನೀರು ಮತ್ತು ಮಹಾಮಾರಿ

ಇವತ್ತಿನ ಸಂಚಿಕೆಯಲ್ಲಿ ನಿಮ್ಮನ್ನ ದುಬೈಗೆ ಕರೆದುಕೊಂಡು ಹೋಗ್ತೀನಿ. ಕರಾಮಾ, ಬರ್ ದುಬೈ ಕಡೆ ಓಡಾಡಿದವರಿಗೆ ಅಲ್ಲಿನ ಉಡುಪಿ ಹೋಟೆಲುಗಳು ಗೊತ್ತೇ ಇರುತ್ತವೆ. ಹೋಟೆಲ್ ಅಂದ್ರೆ ನಮ್ಮೂರಿನ ಅರ್ಥದಲ್ಲಿ, ಊಟ ತಿಂಡಿಯ ಜಾಗ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಅಲ್ಲಿ ಕೂತು ತಿನ್ನುವುದು ನಿಂತುಹೋಯಿತು. ಏಪ್ರಿಲ್ 24ರಂದು, ರಂಜಾನ್ ಶುರುವಾದ ದಿನ, ದುಬೈ ಮತ್ತೆ ಅನುಮತಿ ಕೊಟ್ಟಿತು. ಷರತ್ತುಗಳಿದ್ದವು: ಶೇ. 30ರಷ್ಟು ಜನ ಮಾತ್ರ, ಬಫೆ ಇಲ್ಲ, ಶೀಷಾ ಇಲ್ಲ. ಕರ್ನಾಟಕದ ಹೋಟೆಲುಗಳು ಜೂನ್ 8ರವರೆಗೆ ಕಾಯಬೇಕಾಯಿತು.

ಈಗ ಪ್ರಶ್ನೆ ಇದು. ಕುರ್ಚಿ ಕಡಿಮೆ ಮಾಡಿ, ಮೇಜು ಒರೆಸಿ, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟರೆ ಹೋಟೆಲ್ ಸುರಕ್ಷಿತ ಆಗಿಬಿಡುತ್ತಾ?

ಉತ್ತರ ಹುಡುಕಲು ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗೋಣ. 2020ರ ಜನವರಿ 24. ಕಿಟಕಿಯಿಲ್ಲದ ಒಂದು ಹೋಟೆಲಿನ ಮೂರನೇ ಮಹಡಿ. ವುಹಾನ್‌ನಿಂದ ಬಂದಿದ್ದ ಒಂದು ಕುಟುಂಬ ಮಧ್ಯಾಹ್ನದ ಊಟಕ್ಕೆ ಕೂತಿತ್ತು. ಅಕ್ಕಪಕ್ಕದ ಮೇಜುಗಳಲ್ಲಿ ಇನ್ನೆರಡು ಕುಟುಂಬಗಳು. ಮೇಜುಗಳ ನಡುವೆ ಸುಮಾರು ಒಂದು ಮೀಟರ್ ಅಂತರ. ಕೆಲವೇ ದಿನಗಳಲ್ಲಿ ಈ ಮೂರು ಕುಟುಂಬಗಳ ಒಟ್ಟು 10 ಮಂದಿಗೆ ಸೋಂಕು. ಅದೇ ಮಹಡಿಯಲ್ಲಿ ಊಟ ಮಾಡಿದ ಉಳಿದ 73 ಗಿರಾಕಿಗಳಿಗೆ ಏನೂ ಆಗಲಿಲ್ಲ. ಬಡಿಸಿದವರಿಗೂ ಬರಲಿಲ್ಲ.

ಯಾಕೆ ಹೀಗೆ? ಆ ಮೂರು ಮೇಜುಗಳು ಒಂದೇ ಎಸಿಯ ಗಾಳಿಯ ಸಾಲಿನಲ್ಲಿದ್ದವು. ಎಸಿ ಅದೇ ಗಾಳಿಯನ್ನು ಎಳೆದು, ತಂಪು ಮಾಡಿ, ಅಲ್ಲಲ್ಲೇ ಸುತ್ತಿಸುತ್ತಿತ್ತು. ಆಮೇಲೆ ವಿಜ್ಞಾನಿಗಳು ಅಲ್ಲಿ ಅಳೆದು ನೋಡಿದಾಗ, ತಲಾ ಒಬ್ಬರಿಗೆ ಸೆಕೆಂಡಿಗೆ ಸುಮಾರು 1 ಲೀಟರ್ ಹೊರಗಿನ ಗಾಳಿ ಮಾತ್ರ ಸಿಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ್ದು 10 ಲೀಟರ್.

ಇಲ್ಲೇ ನೋಡಿ ಕೊಲ್ಲಿ ದೇಶದ ಕಷ್ಟ. ನಮ್ಮೂರಲ್ಲಾದರೆ ಕಿಟಕಿ ತೆಗೆದಿಡಿ ಅಂತ ಹೇಳಿಬಿಡಬಹುದು. ಜುಲೈನಲ್ಲಿ ದುಬೈ, ಅಬುಧಾಬಿಯ ಹೊರಗಾಳಿ 40 ಡಿಗ್ರಿ ದಾಟಿರುತ್ತದೆ. ಅದನ್ನು ಒಳಗೆ ತಂದು ತಣ್ಣಗೆ ಮಾಡಲು ಕರೆಂಟ್ ಬಿಲ್ ಏರುತ್ತದೆ. ಹಾಗಾಗಿ ಹೊರಗಾಳಿಯ ದಾರಿ ಮುಚ್ಚುವ ಆಸೆ ಯಾರಿಗಾದರೂ ಬರುತ್ತೆ. ತಂಪಾದ ಗಾಳಿ ಬೇರೆ, ತಾಜಾ ಗಾಳಿ ಬೇರೆ ಅನ್ನೋದನ್ನ ನಾವು ಮರೆತುಬಿಡ್ತೀವಿ.

ಒಂದು ಲೆಕ್ಕ ಮಾಡೋಣ. 60 ಜನ ಕೂರುವ ಒಂದು ಹೋಟೆಲಿಗೆ ಸೆಕೆಂಡಿಗೆ 120 ಲೀಟರ್ ಹೊರಗಾಳಿ ಬರ್ತಿದೆ ಅಂತಿಟ್ಟುಕೊಳ್ಳಿ. ತುಂಬಿದಾಗ ತಲಾ 2 ಲೀಟರ್. ಶೇ. 30 ಅಂದ್ರೆ 18 ಜನ. ತಲಾ ಆರೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಆ ನಿಯಮ ಅಂತರ ಹೆಚ್ಚಿಸುವುದರ ಜೊತೆಗೆ ಗಾಳಿಯ ಪಾಲನ್ನೂ ಹೆಚ್ಚಿಸಿತು. ಆದರೂ 10 ಮುಟ್ಟಲಿಲ್ಲ. ಹೊರಗಾಳಿಯ ದಾರಿ ಮುಚ್ಚಿದ್ದರೆ? ಸೊನ್ನೆಯನ್ನು ಎಷ್ಟು ಜನಕ್ಕೆ ಹಂಚಿದರೂ ಸೊನ್ನೆಯೇ.

ಇದನ್ನ ಕಣ್ಣಿಗೆ ಕಾಣಿಸೋದು ಒಂದು ಸಣ್ಣ ಇಂಗಾಲದ ಡೈಆಕ್ಸೈಡ್ ಮಾಪಕ. ಹೊರಗಡೆ ಅದು ಹತ್ತು ಲಕ್ಷದಲ್ಲಿ ಸುಮಾರು 420 ಭಾಗ ತೋರಿಸುತ್ತೆ. ತಲಾ 10 ಲೀಟರ್ ಗಾಳಿ ಇದ್ದರೆ ಒಳಗೆ ಹೆಚ್ಚು ಕಡಿಮೆ 900ಕ್ಕೆ ನಿಲ್ಲುತ್ತೆ. 2 ಲೀಟರ್ ಆದರೆ 3000ದ ಹತ್ತಿರ. ಮಾಪಕವನ್ನು ಅಡುಗೆಮನೆಯಲ್ಲಿಡಬೇಡಿ, ಗ್ಯಾಸ್ ಒಲೆಯೂ ಅದೇ ಅನಿಲ ಬಿಡುತ್ತೆ. ಹೊರಗಾಳಿ ಹೆಚ್ಚಿಸಲು ಆಗದಿದ್ದರೆ ಹೆಪಾ ಫಿಲ್ಟರ್ ಇರುವ ಯಂತ್ರ ಇಡಬಹುದು. ಅದು ಮಾಪಕದ ಅಂಕಿ ಇಳಿಸೋದಿಲ್ಲ, ಆದರೆ ವೈರಸ್ ಹೊತ್ತ ಕಣಗಳನ್ನು ಹಿಡಿಯುತ್ತೆ. ಚಳಿಗಾಲದಲ್ಲಿ ಹೊರಗೆ ಮೇಜು ಹಾಕುವುದಂತೂ ಎಲ್ಲಕ್ಕಿಂತ ಸುಲಭ.

ಇನ್ನು ನೀರು. ವಾರಗಟ್ಟಲೆ ನಲ್ಲಿ ತಿರುಗಿಸದಿದ್ದರೆ ಪೈಪಿನಲ್ಲಿ ನೀರು ನಿಂತಲ್ಲೇ ನಿಲ್ಲುತ್ತೆ. ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾಗೆ 20ರಿಂದ 45 ಡಿಗ್ರಿಯ ನಿಂತ ನೀರು ಬಲು ಇಷ್ಟ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಲ್ಲಿ ಇದರಿಂದ ನ್ಯುಮೋನಿಯಾ ಹರಡಿತ್ತು. ದುಬೈಯಲ್ಲಿದ್ದವರಿಗೆ ಗೊತ್ತು, ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುತ್ತೆ! ಹಾಗಾಗಿ ತೆರೆಯುವ ಮುನ್ನ ಟ್ಯಾಂಕ್ ತೊಳೆಸಿ, ಪ್ರತಿಯೊಂದು ನಲ್ಲಿಯಲ್ಲೂ ನೀರು ಹರಿಯಬಿಡಬೇಕು. ಈ ರೋಗ ಬರುವುದು ತುಂತುರು ಉಸಿರಿಗೆ ಹೋದಾಗ, ಆದ್ದರಿಂದ ಮೆಲ್ಲಗೆ ಬಿಡಿ. ಐಸ್ ಯಂತ್ರದ ಹಳೆಯ ಐಸ್ ಎಸೆಯಿರಿ.

ನೆಲದ ಮೋರಿಗೂ ಒಂದು ಬಕೆಟ್ ನೀರು ಸುರಿಯಿರಿ. ಮೋರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರೇ ಒಳಚರಂಡಿಯ ಗಾಳಿಗೆ ಅಡ್ಡಗೋಡೆ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ಬಂತು. ಈ ಕೊಳವೆಗಳು ಒಣಗಿದ್ದು ಅದಕ್ಕೊಂದು ಮುಖ್ಯ ಕಾರಣ ಅಂತ ತನಿಖೆ ಹೇಳಿತು.

ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಕೆಲಸ ಮಾಡುವವರು. ಗಿರಾಕಿ ಒಂದು ಗಂಟೆ ಕೂತು ಹೋಗ್ತಾರೆ. ಸಪ್ಲೈಯರ್, ಅಡುಗೆಯವರು, ಪಾತ್ರೆ ತೊಳೆಯುವವರು ದಿನವಿಡೀ ಅದೇ ಗಾಳಿಯಲ್ಲಿರ್ತಾರೆ. ರಾತ್ರಿ ಹೋಗುವುದು ಹಲವರು ಹಂಚಿಕೊಂಡ ಒಂದೇ ಕೋಣೆಗೆ. ಬಾಗಿಲಲ್ಲಿ ಜ್ವರ ನೋಡುವ ಗನ್ ಅವರನ್ನ ಕಾಯೋದಿಲ್ಲ. ಕೋವಿಡ್ ಸೋಂಕು ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತೆ. ಮೈಕೈ ನೋವು ಅಂತ ಹೇಳಿದರೆ ಸಂಬಳ ಹೋಗುತ್ತೆ ಅನ್ನುವ ಭಯ ಇದ್ದವನು ಪ್ಯಾರಾಸಿಟಮಾಲ್ ನುಂಗಿ ಕೆಲಸಕ್ಕೆ ಬರ್ತಾನೆ. ಆಗ ಯಾವ ಗನ್ನೂ ಹಿಡಿಯಲ್ಲ. ಯುಎಇ ಕಾನೂನಿನಲ್ಲಿ ಪ್ರೊಬೇಷನ್ ಮುಗಿಸಿದವರಿಗೆ ವರ್ಷಕ್ಕೆ 90 ದಿನದವರೆಗೆ ಅನಾರೋಗ್ಯ ರಜೆ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ. ಮಾಲೀಕರು ಮೊದಲ ದಿನವೇ ಇದನ್ನ ಬಾಯಿಬಿಟ್ಟು ಹೇಳಿದರೆ, ಅದು ಯಾವ ಸ್ಯಾನಿಟೈಸರಿಗೂ ಕಡಿಮೆಯಲ್ಲದ ರಕ್ಷಣೆ.

ಅಬುಧಾಬಿ 2021ರ ಆಗಸ್ಟ್ 20ರಿಂದ ಲಸಿಕೆ ಪಡೆದವರಿಗೆ ಮಾತ್ರ ಹೋಟೆಲ್ ಪ್ರವೇಶ ಕೊಟ್ಟಿತು. ಆ ನಿಯಮಗಳೆಲ್ಲ ಈಗಿಲ್ಲ. ಆದರೆ ಗಾಳಿಯ ಲೆಕ್ಕ ಹಳೆಯದಾಗೋದಿಲ್ಲ. ಫ್ಲೂ ಬಂದರೂ ಅದೇ ಲೆಕ್ಕ, ನಾಳೆ ಹೊಸದೊಂದು ವೈರಸ್ ಬಂದರೂ ಅದೇ ಲೆಕ್ಕ.

ಮುಂದಿನ ಸಲ ಮಸಾಲೆ ದೋಸೆಗೆ ಕಾಯ್ತಾ ಕೂತಾಗ ಒಮ್ಮೆ ತಲೆಯೆತ್ತಿ ನೋಡಿ: ಈ ಗಾಳಿ ಹೊರಗಿನಿಂದ ಎಲ್ಲಿ ಬರ್ತಿದೆ? ಉತ್ತರ ಸಿಕ್ಕರೆ ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.