ಕರೆಂಟಿಲ್ಲ, ಗ್ಯಾಸಿಲ್ಲ, ರೋಡಿಲ್ಲ: ಮೂರು ದಿನಕ್ಕೊಂದು ಡಬ್ಬ

2019ರ ಆಗಸ್ಟ್ ಮಳೆ ನೆನಪಿದೆಯಾ? ಮೂಡಿಗೆರೆ ಕಡೆ ಗುಡ್ಡ ಕುಸಿದು ರಸ್ತೆಗಳು ಬಂದ್ ಆಗಿದ್ದವು. ನಮ್ಮ ಮನೆ ಅದೇ ತಾಲ್ಲೂಕಿನಲ್ಲಿದೆ. ಐದು ದಿನ ಕರೆಂಟ್ ಇರಲಿಲ್ಲ, ಎರಡನೇ ದಿನ ಸಿಲಿಂಡರ್ ಖಾಲಿ. ಅರ್ಧ ಮೂಟೆ ಅಕ್ಕಿ ಇತ್ತು, ಬೇಳೆ ಇತ್ತು, ಆದ್ರೆ ಬೇಯಿಸೋಕೆ ದಾರಿ ಇರಲಿಲ್ಲ. ಕೊಟ್ಟಿಗೆ ಪಕ್ಕದ ಸೌದೆ ಪೂರ್ತಿ ನೆನೆದಿತ್ತು.

ಬಿಸ್ಕೆಟ್, ಬ್ರೆಡ್, ಹಸಿ ನೂಡಲ್ಸ್ ತಿಂದು ದಿನ ತಳ್ಳಿದೆವು. ಮಕ್ಕಳಾದ ನಮಗೆ ಅದು ಪಿಕ್ನಿಕ್ ಥರ ಇತ್ತು. ಅಜ್ಜಿಗೆ ಶುಗರ್. ಮೂರನೇ ದಿನ ಅವರಿಗೆ ವಿಪರೀತ ಬಾಯಾರಿಕೆ, ತಲೆಸುತ್ತು. ಮಾತ್ರೆಯೂ ಮುಗೀತಾ ಬಂದಿತ್ತು. ಐದನೇ ದಿನ ರಸ್ತೆ ಬಿಟ್ಟ ಮೇಲೆ ಪಕ್ಕದ ಮನೆಯವರ ಜೀಪಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಹುಷಾರಾದ್ರು. ಆದ್ರೆ ಅಷ್ಟು ಅಕ್ಕಿ ಇಟ್ಕೊಂಡೂ ಹೀಗಾಯ್ತಲ್ಲ ಅನ್ನೋದು ನಮ್ಮನ್ನ ಬಿಡಲಿಲ್ಲ.

ಈ ಸಲ ಸೆಮ್ ರಜೆಯಲ್ಲಿ ಕೂತು ಲೆಕ್ಕ ಹಾಕಿದೆವು. ಮೊದಲ ಕಂಡೀಷನ್: ಒಲೆ ಹಚ್ಚದೆ ತಿನ್ನೋ ಹಾಗಿರಬೇಕು. ಎರಡನೇದು: ಬರೀ ಹೊಟ್ಟೆ ತುಂಬಿದ್ರೆ ಸಾಲದು. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಬಿಸ್ಕೆಟ್‌ನಲ್ಲಿ ಸಿಗೋದು ಆರೇಳು ಗ್ರಾಂ. ಅಷ್ಟೇ ತೂಕದ ಹುರಿಗಡಲೆಯಲ್ಲಿ 22ರ ಹತ್ತಿರ, ಕಡಲೆಕಾಯಿ ಬೀಜದಲ್ಲಿ 25.

ಒಬ್ಬರಿಗೆ ಒಂದು ದಿನಕ್ಕೆ ಅಂತ ಹೀಗೆ ಇಟ್ಟೆವು: ತೆಳು ಅವಲಕ್ಕಿ 200 ಗ್ರಾಂ, ಹುರಿಗಡಲೆ 100, ಹುರಿದ ಕಡಲೆಕಾಯಿ ಬೀಜ 100, ಬೆಲ್ಲ 75. ಕೂಡಿದ್ರೆ ಹೆಚ್ಚುಕಮ್ಮಿ 1900 ಕ್ಯಾಲರಿ, 60 ಗ್ರಾಂ ಪ್ರೋಟೀನ್. ನಾಲ್ಕು ಜನಕ್ಕೆ ಮೂರು ದಿನ ಅಂದ್ರೆ 12ರಿಂದ ಗುಣಿಸಿ: ಒಟ್ಟು ಆರು ಕೆಜಿಯೂ ಆಗಲ್ಲ! ಅವಲಕ್ಕಿಗೆ ನೀರು ಚಿಮುಕಿಸಿ, ಬೆಲ್ಲ, ತೆಂಗಿನಕಾಯಿ ತುರಿ ಹಾಕಿ ಕಲಸಿದ್ರೆ ಊಟ ರೆಡಿ. ರಾಗಿ ಹುರಿಹಿಟ್ಟು ಸಿಕ್ಕರೆ ಇನ್ನೂ ಒಳ್ಳೇದು, ರಾಗಿಯ ಕ್ಯಾಲ್ಸಿಯಂ ಅಕ್ಕಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಅಜ್ಜಿಯದು ಬೇರೆ ಡಬ್ಬ. ಡಾಕ್ಟರ್ ಹತ್ರ ಕೇಳಿ ಅವಲಕ್ಕಿ ಕಮ್ಮಿ ಮಾಡಿ ಹುರಿಗಡಲೆ ಜಾಸ್ತಿ ಮಾಡಿದೆವು, ಬೆಲ್ಲ ತೆಗೆದೆವು. ಜೊತೆಗೆ 15 ದಿನದ ಮಾತ್ರೆ. ಶುಗರ್ ಮಾತ್ರೆ ತಗೊಂಡು ಸರಿಯಾಗಿ ತಿನ್ನದಿದ್ರೆ ಶುಗರ್ ಇಳಿದೂ ಹೋಗಬಹುದು, ಅದಕ್ಕೇ ಒಂದು ಗ್ಲೂಕೋಸ್ ಪ್ಯಾಕೆಟ್ ಕೂಡ ಅಲ್ಲೇ ಇದೆ.

ನೀರಿನ ವಿಷಯ ಯಾರೂ ಯೋಚನೆ ಮಾಡಲ್ಲ. ಬಾವಿ ಇದೆ, ಆದ್ರೆ ಮೋಟಾರ್‌ಗೆ ಕರೆಂಟ್ ಬೇಕಲ್ವಾ? ಪ್ರವಾಹದ ಕಾಲಕ್ಕೆ ಬಾವಿ ನೀರನ್ನ ಕಾಯಿಸದೆ ನಂಬೋ ಹಾಗೂ ಇಲ್ಲ. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕದಲ್ಲಿ 36 ಲೀಟರ್, ಅಂದ್ರೆ 20 ಲೀಟರ್‌ನ ಎರಡು ಕ್ಯಾನ್. ಭೇದಿ ಶುರುವಾದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಉಪ್ಪು ಹೆಚ್ಚಾದ್ರೆ ಅಪಾಯ.

ಇನ್ನು ಕೆಡದ ಹಾಗೆ ಇಡೋದು. ಇಲ್ಲಿ ನಮ್ಮ ಹಿರಿಯರು ನಮಗಿಂತ ಒಳ್ಳೆ ಇಂಜಿನಿಯರ್‌ಗಳು. ಬಯಲುಸೀಮೆಯಲ್ಲಿ ಹಗೇವು ಅಂತ ನೆಲದೊಳಗೆ ಕಣಜ ತೋಡಿ, ರಾಗಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿರೋ ಕಾಳು, ಹುಳ ಎಲ್ಲ ಉಸಿರಾಡಿ ಆಕ್ಸಿಜನ್ ಮುಗಿಯುತ್ತೆ, ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಹುಳ ಸಾಯುತ್ತೆ. ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಅದು ಆರಿದ್ರೆ ಕಾಯ್ತಿದ್ರು. ಸೆನ್ಸರ್ ಅಂದ್ರೆ ಅದೇ ತಾನೇ! ಮಲೆನಾಡಿನ ಮಳೆಗೆ ನೆಲದೊಳಗೆ ಇಡೋಕಾಗಲ್ಲ, ಹಾಗಾಗಿ ನಮ್ಮ ಡಬ್ಬ ಬಿಗಿ ಮುಚ್ಚಳ ಹಾಕಿಕೊಂಡು ಅಟ್ಟದ ಮೇಲಿದೆ. ಕಡಲೆಕಾಯಿ ಮಾತ್ರ ಹುಷಾರು: ತೇವ ತಗುಲಿದ್ರೆ ಬೂಷ್ಟು ಬಂದು ಅಫ್ಲಟಾಕ್ಸಿನ್ ಅನ್ನೋ ವಿಷ ಆಗಬಹುದು. ಹುರಿದ್ರೂ ಅದು ಪೂರ್ತಿ ಹೋಗಲ್ಲ, ಬಿಸಾಡಿಬಿಡಿ.

ಇನ್ನೊಂದು ಮಾತು ಡೇಟಾ ಸ್ಟ್ರಕ್ಚರ್ಸ್ ಓದ್ತಿರೋರಿಗೆ. ನಮ್ಮ ಅಡುಗೆಮನೆ ಡಬ್ಬಗಳೆಲ್ಲ ಸ್ಟ್ಯಾಕ್: ಹಳೇದರ ಮೇಲೆ ಹೊಸದು ಸುರಿದು ಮೇಲಿಂದಲೇ ತೆಗೀತೀವಿ, ತಳದ್ದು ವರ್ಷಗಟ್ಟಲೆ ಅಲ್ಲೇ. ಈ ಡಬ್ಬ ಕ್ಯೂ ಆಗಿರಬೇಕು. ಎರಡು ತಿಂಗಳಿಗೊಮ್ಮೆ ಒಳಗಿರೋದನ್ನ ತಿಂಡಿಗೆ ಖಾಲಿ ಮಾಡಿ ಹೊಸದು ತುಂಬ್ತೀವಿ. ಅಮ್ಮ ಮುಚ್ಚಳದ ಮೇಲೆ ತಾರೀಖಿನ ಚೀಟಿ ಅಂಟಿಸಿದ್ದಾರೆ. ಅಜ್ಜಿ ಮಾತ್ರ ಮಳೆಗಾಲಕ್ಕೆ ಮುಂಚೆನೇ ಹುರಿಗಡಲೆ ಮುಗಿಸ್ತಿದ್ದಾರೆ, ಅವರ ಡಬ್ಬಕ್ಕೆ ಬೀಗ ಹಾಕೋದಾ ಅಂತ ಮನೇಲಿ ಚರ್ಚೆ ನಡೀತಿದೆ.