ಹಳೆಯ ಮೋಟಾರಿನ ರೋಗನಿದಾನ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ನಿದಾನವೇ ಮೇಲೆಂದು ಹೇಳುತ್ತಾರೆ. ರೋಗದ ಮೂಲವನ್ನರಿಯದೆ ಕೊಟ್ಟ ಮದ್ದು ಹಣಕ್ಕೂ ಕೇಡು, ಮೈಗೂ ಕೇಡು. ಈ ಮಾತು ಯಂತ್ರಗಳಿಗೂ ಸಲ್ಲುತ್ತದೆ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಮೋಟಾರಿನ ಸ್ಪ್ರಿಂಗು, ಬುಷ್ಷುಗಳ ವಿಷಯವನ್ನು ಬರೆಯಹೊರಟಿರುವುದು ಸಹಪಾಠಿಗಳಿಗೆ ಸೋಜಿಗವೆನಿಸಬಹುದು. ಆದರೆ ತರಗತಿಯಲ್ಲಿ ಓದಿದ ತರ್ಕಶಾಸ್ತ್ರವು ಗ್ಯಾರೇಜಿನ ನೆಲದ ಮೇಲೆ ಹೇಗೆ ಉಪಯೋಗಕ್ಕೆ ಬಂದೀತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಸಿರುಗುಪ್ಪದಲ್ಲಿರುವ ನನ್ನ ಸೋದರಮಾವನವರ ಬಳಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ಗಾಡಿಯನ್ನು 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು ನಮ್ಮಲ್ಲಿ ತಯಾರಿಸಿದರು. ಇದರ ರೂಪವನ್ನು ರಚಿಸಿದವರು ಇಟಲಿಯ ಮಿಕೆಲೊಟ್ಟಿ. 1962ರಲ್ಲಿ ಇದೇ ಹೆರಾಲ್ಡಿನ ಅಡಿಗಟ್ಟನ್ನು ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿಯವರ ರಚನೆಯಲ್ಲಿ, ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ಹೆರಾಲ್ಡಿನಲ್ಲಿ 91.5 ಅಂಗುಲ, ಸ್ಪಿಟ್‌ಫೈರಿನಲ್ಲಿ 83 ಅಂಗುಲ. ಚಕ್ರ ಹಿಡಿದಿರುವ ಕೈಕಾಲುಗಳು ಮಾತ್ರ ಎರಡಕ್ಕೂ ಬಹುಮಟ್ಟಿಗೆ ಒಂದೇ. ಆದುದರಿಂದ ಹೆರಾಲ್ಡಿನ ರೋಗವನ್ನು ಅರಿತವನು ಆ ಸ್ಪೋರ್ಟ್ಸ್ ಕಾರಿನ ರೋಗವನ್ನೂ ಅರಿತಂತೆಯೇ.

ಎತ್ತಿನ ಬಂಡಿಯಲ್ಲಿ ಎರಡು ಗಾಲಿಗಳಿಗೂ ಒಂದೇ ಅಚ್ಚು. ಅಂಬಾಸಿಡರ್ ಕಾರಿನ ಹಿಂಭಾಗದಲ್ಲೂ ಹಾಗೆಯೇ. ಹೆರಾಲ್ಡಿನಲ್ಲಾದರೋ ಹಿಂದಿನ ಅಚ್ಚು ನಡುವೆ ತುಂಡಾಗಿ, ಎರಡು ರೆಕ್ಕೆಗಳಂತೆ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಅಡ್ಡಲಾಗಿ ಇಟ್ಟ ಒಂದೇ ಕಮಾನುಪಟ್ಟಿ ಎರಡು ಕಡೆಯ ಭಾರವನ್ನೂ ಹೊರುತ್ತದೆ. ಹಳ್ಳ ದಿಣ್ಣೆಗಳಲ್ಲಿ ಇದರಿಂದ ಸುಖವುಂಟು. ಆದರೆ ತಿರುವಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಚಾಲಕನು ಹೆದರಿ ಫಕ್ಕನೆ ಆಕ್ಸಿಲರೇಟರ್ ಬಿಟ್ಟರೆ ಗಾಡಿಯ ಹಿಂಭಾಗ ಮೇಲೇಳುತ್ತದೆ. ಹೊರಮಗ್ಗುಲಿನ ಚಕ್ರದ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ. ಟೈರಿನ ಹಿಡಿತ ತಪ್ಪುತ್ತದೆ. ಅಮೆರಿಕದ ಶೆವರ್ಲೆ ಕಾರ್ವೇರ್ ಕಾರಿನ 1960ರಿಂದ 1963ರವರೆಗಿನ ಮಾದರಿಗಳಲ್ಲೂ ಇಂತಹುದೇ ತೂಗುವ ಅಚ್ಚು ಇದ್ದಿತು. 1965ರಲ್ಲಿ ರಾಲ್ಫ್ ನೇಡರ್ ಬರೆದ ಗ್ರಂಥದಿಂದ ಅದರ ಅಪಾಯ ಲೋಕಕ್ಕೆಲ್ಲ ತಿಳಿಯಿತು.

ಮಾವನವರ ದೂರು ಒಂದೇ ಮಾತಿನದು: ಗಾಡಿ ತೂಗಾಡುತ್ತದೆ. ಅದನ್ನು ನೋಡಿದ ಮೆಕ್ಯಾನಿಕರೊಬ್ಬರು ಸ್ಟೀರಿಂಗನ್ನು ಇಡಿಯಾಗಿ ಬದಲಿಸಬೇಕೆಂದರು. ಇನ್ನೊಬ್ಬರು ಹಿಂದಿನ ಕಮಾನಿಗೆ ಎರಡು ಪಟ್ಟಿ ಹೆಚ್ಚಿಗೆ ಹಾಕಿ ಗಾಡಿಯನ್ನು ಎತ್ತರಿಸಬೇಕೆಂದರು. ಮಾವನವರು ನನಗೆ, “ಗುಜರಿಗೆ ಹಾಕಾಕ ಮನಸಿಲ್ಲ. ಆದ್ರ ಅವ್ವನ್ನ ಕುಂದ್ರಿಸ್ಕೊಂಡು ಈ ಗಾಡ್ಯಾಗ ಬಳ್ಳಾರಿ ದವಾಖಾನಿಗೆ ಬರಾಕ ಧೈರ್ಯನೂ ಇಲ್ಲಪಾ” ಎಂದರು. ಅಜ್ಜಿಯನ್ನು ಕೂರಿಸಿಕೊಂಡು ಹೋಗುವ ಗಾಡಿಯೆಂದ ಮೇಲೆ ಊಹೆಯ ಮೇಲೆ ಚಿಕಿತ್ಸೆ ನಡೆಯಬಾರದೆಂದು ನನಗೆ ತೋರಿತು. ಅಲ್ಲದೆ, ಹಿಂಭಾಗವನ್ನು ಎತ್ತರಿಸಿದಷ್ಟೂ ಚಕ್ರದ ಬುಡ ಮೊದಲೇ ಒಳಕ್ಕೆ ವಾಲಿ ನಿಲ್ಲುತ್ತದೆ. ಲಾರಿಗೆ ಹಿತವಾದ ಆ ಉಪಾಯ ಹೆರಾಲ್ಡಿಗೆ ಅಪಾಯ.

ಆಂಗ್ಲ ತತ್ತ್ವಜ್ಞಾನಿ ಜಾನ್ ಸ್ಟೂಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ವಿಧಾನಗಳನ್ನು ವಿವರಿಸಿದ್ದಾನೆ. ನಮ್ಮ ನೈಯಾಯಿಕರೂ ಇದನ್ನು ಅನ್ವಯ-ವ್ಯತಿರೇಕವೆಂದು ಹೇಳಿದ್ದಾರೆ. ಒಂದು ಇದ್ದರೆ ಮತ್ತೊಂದು ಇರುವುದು, ಅದು ಇಲ್ಲದಿದ್ದರೆ ಇದೂ ಇಲ್ಲದಿರುವುದು. ಇದರಿಂದ ಹೊರಡುವ ನಿಯಮ ಸರಳವಾದುದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ ನೋಡಬೇಕು. ನಾವು ಅನುಸರಿಸಿದ ಕ್ರಮ ಹೀಗಿತ್ತು.

1. ದೂರನ್ನು ಬಿಡಿಸುವುದು. ತೂಗಾಟವೆಂಬ ಒಂದು ಹೆಸರಿನಲ್ಲಿ ಹಲವು ರೋಗಗಳಿರುವುದುಂಟು. ಸಿರುಗುಪ್ಪದಿಂದ ತೆಕ್ಕಲಕೋಟೆಯ ಕಡೆಗೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ರಸ್ತೆ ಅಲೆಯಲೆಯಾಗುವುದು ಸಹಜ. ಅಲ್ಲಿ ಗಾಡಿ ನೇರ ಹೋಗದೆ ಎಡಬಲಕ್ಕೆ ಅಲೆಯುತ್ತಿದ್ದಿತು. ಕುರುಗೋಡಿನ ಗುಡ್ಡಗಳ ಬಳಿಯ ತಿರುವುಗಳಲ್ಲಿ ಮೆಲ್ಲನೆ ಓಡಿಸಿದಾಗಲೂ ಹಿಂಭಾಗ ಜಾರುವಂತೆ ಭಾಸವಾಗುತ್ತಿದ್ದಿತು. ಬಳ್ಳಾರಿ ನಗರದ ರಸ್ತೆಯುಬ್ಬುಗಳ ಮೇಲೆ ಎಡಮುಂಭಾಗದಿಂದ ‘ಟಕ್’ ಎಂಬ ಸದ್ದು ಬರುತ್ತಿದ್ದಿತು. ಹೀಗೆ ಒಂದು ದೂರು ಮೂರಾಯಿತು.

2. ಟೈರು. ಖರ್ಚಿಲ್ಲದ ಪರೀಕ್ಷೆಯೇ ಮೊದಲು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಸವೆಯದಿದ್ದರೂ ಮುಪ್ಪಾಗಿ ಬಿರುಕು ಬಿಟ್ಟ ಟೈರು ನಂಬಿಕೆಗೆ ಅರ್ಹವಲ್ಲ. ನಮ್ಮ ಗಾಡಿಯ ಟೈರುಗಳು ಹೊಸವು. ಆದರೆ ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿದ್ದರು. ತೂಗುವ ಅಚ್ಚಿನ ಗಾಡಿಗಳಲ್ಲಿ ಮುಂದಿನದಕ್ಕಿಂತ ಹಿಂದಿನದರಲ್ಲಿ ಗಾಳಿ ಹೆಚ್ಚಿರಬೇಕು. ಕಾರ್ವೇರಿಗೆ ತಯಾರಕರು ಹೇಳಿದ್ದು ಮುಂದೆ 15, ಹಿಂದೆ 26 ಪೌಂಡು. ಹೆರಾಲ್ಡಿನ ಕೈಪಿಡಿಯಲ್ಲಿದ್ದಂತೆ ಗಾಳಿಯನ್ನು ಸರಿಪಡಿಸಿದೊಡನೆ ಕುರುಗೋಡಿನ ತಿರುವುಗಳಲ್ಲಿದ್ದ ಭಯ ಬಹಳ ಇಳಿಯಿತು. ನೇರ ರಸ್ತೆಯ ಅಲೆದಾಟ ಮಾತ್ರ ಇದ್ದಂತೆಯೇ ಇದ್ದಿತು. ಎರಡಕ್ಕೂ ಕಾರಣ ಬೇರೆ ಬೇರೆಯೆಂಬುದು ಇದರಿಂದ ತಿಳಿಯಿತು.

3. ಶಾಕ್ ಅಬ್ಸಾರ್ಬರ್. ಗಾಡಿಯ ಒಂದೊಂದು ಮೂಲೆಯನ್ನೂ ಬಲವಾಗಿ ಒತ್ತಿ ಬಿಟ್ಟೆವು. ಒಮ್ಮೆ ಮೇಲೆದ್ದು ನಿಂತರೆ ಸರಿ. ತೊಟ್ಟಿಲಿನಂತೆ ಮತ್ತೆ ಮತ್ತೆ ಆಡಿದರೆ, ಅಥವಾ ಎಣ್ಣೆ ಸೋರಿದ್ದರೆ, ಅದರ ಆಯುಸ್ಸು ತೀರಿತೆಂದೇ ಅರ್ಥ. ನಾಲ್ಕೂ ಸರಿಯಾಗಿದ್ದವು.

4. ಸ್ಟೀರಿಂಗ್. ಚಕ್ರಗಳು ನೆಲದ ಮೇಲಿರುವಾಗಲೇ ಮಾವನವರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತುಸು ತುಸುವೇ ತಿರುಗಿಸಿದರು. ನಾನು ಬಾನೆಟ್ ಎತ್ತಿ ನೋಡುತ್ತಿದ್ದೆ. ಹೆರಾಲ್ಡಿನ ಬಾನೆಟ್ ರೆಕ್ಕೆಗಳ ಸಮೇತ ಮುಂದಕ್ಕೆ ಬಾಗುವುದರಿಂದ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೊದಲು ಚಕ್ರ ತಿರುಗಬೇಕಾದಲ್ಲಿ, ಹಲ್ಲುಸರಳನ್ನೊಳಗೊಂಡ ಕೊಳವೆಯೇ ಪಕ್ಕಕ್ಕೆ ಸರಿಯುತ್ತಿದ್ದಿತು. ಅದನ್ನು ಅಡಿಗಟ್ಟಿಗೆ ಕಚ್ಚಿ ಹಿಡಿಯುವ ರಬ್ಬರುಗಳು ಎಂಜಿನ್ ಎಣ್ಣೆ ಕುಡಿದು ಮೆತ್ತಗಾಗಿದ್ದವು. ಬದಲಿಸಬೇಕಾದುದು ಇಡೀ ಸ್ಟೀರಿಂಗನ್ನಲ್ಲ, ಎರಡು ರಬ್ಬರುಗಳನ್ನು. ಅವು ಬಂದ ಮೇಲೆ ತೆಕ್ಕಲಕೋಟೆಯ ಹಾದಿಯಲ್ಲಿ ಗಾಡಿ ಗೆರೆ ಎಳೆದಂತೆ ಹೋಯಿತು.

5. ಚಕ್ರದ ಕೀಲುಗಳು. ‘ಟಕ್’ ಸದ್ದು ಇನ್ನೂ ಉಳಿದಿದ್ದಿತು. ಎಡಮುಂಚಕ್ರವನ್ನು ಜಾಕಿಯಿಂದ ಎತ್ತಿ, ಗಾಡಿ ಕುಸಿಯದಂತೆ ಅಡಿಗೆ ಭದ್ರವಾದ ಆಸರೆ ಕೊಟ್ಟು, ಚಕ್ರದ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಿದೆ. ಆಟವಿದ್ದಿತು. ಆಗ ಮಾವನವರಿಗೆ ಬ್ರೇಕ್ ಒತ್ತಲು ಹೇಳಿದೆ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಕೀಲಿನದು. ಇಲ್ಲಿ ಉಳಿಯಿತು. ಚಕ್ರದ ಕೆಳಗೀಲು ಟ್ರನಿಯನ್ ಎಂಬ ಹಿತ್ತಾಳೆಯ ತುಂಡು. ನಿಲುವು ಕಂಬದ ತಿರುಪು ಅದರೊಳಗೆ ತಿರುಗುತ್ತದೆ. ಇದಕ್ಕೆ ಹಾಕಬೇಕಾದುದು 90ನೇ ನಂಬರಿನ ಗೇರ್ ಎಣ್ಣೆ. ನಮ್ಮ ಗಾಡಿಗೆ ವರ್ಷಗಟ್ಟಲೆ ಗ್ರೀಸು ತುಂಬಿದ್ದರು. ಗ್ರೀಸು ತಿರುಪಿನ ಅಡಿಯವರೆಗೆ ಸರಿಯಾಗಿ ಇಳಿಯದು; ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ; ಒಂದು ದಿನ ಕಂಬ ಮುರಿದು ಚಕ್ರವೇ ಮಡಚಿ ಬೀಳುತ್ತದೆ. ಬಿಚ್ಚಿ ನೋಡಿದಾಗ ತಿರುಪು ಕೆಂಪಗೆ ತುಕ್ಕು ಹಿಡಿದು ಸವೆದಿದ್ದಿತು. ಎತ್ತಿನ ಬಂಡಿಗೆ ಕಡೆಗೀಲು ಹೇಗೋ ಹೆರಾಲ್ಡಿಗೆ ಇದು ಹಾಗೆ. ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ, ಹಳೆಯ ಟ್ರಯಂಫ್ ಕಾರುಗಳ ಅಭಿಮಾನಿಗಳು ಇಂಗ್ಲೆಂಡಿನಲ್ಲಿ ಹೇರಳವಾಗಿರುವುದರಿಂದ ಈ ಭಾಗಗಳನ್ನು ಅಲ್ಲಿ ಇಂದಿಗೂ ತಯಾರಿಸುತ್ತಾರೆ. ಎರಡು ಕಡೆಗೂ ತರಿಸಿ ಹಾಕಿಸಿದ್ದಾಯಿತು.

6. ಕೊನೆಗೆ ಅಲೈನ್‌ಮೆಂಟ್. ಇದನ್ನು ಎಲ್ಲರೂ ಮೊದಲು ಮಾಡಿಸುತ್ತಾರೆ; ಮಾಡಬೇಕಾದುದು ಕೊನೆಗೆ. ಸಡಿಲ ಕೀಲುಗಳ ಮೇಲೆ ಚಕ್ರದ ನೇರ ಕೂರಿಸುವುದು ಮರಳಿನ ಮೇಲೆ ಗೋಡೆ ಕಟ್ಟಿದಂತೆ.

ಇಷ್ಟೆಲ್ಲ ಆದರೂ ತೂಗುವ ಅಚ್ಚಿನ ಹುಟ್ಟುಗುಣ ಹೋಗುವುದಿಲ್ಲ. ಇಂಗ್ಲೆಂಡಿನವರು 1970ರ ಸ್ಪಿಟ್‌ಫೈರಿನಲ್ಲಿ ಹಿಂದಿನ ಕಮಾನಿನ ಹೆಚ್ಚಿನ ಪಟ್ಟಿಗಳು ನಡುವೆ ಹೊರಳುವಂತೆ ಮಾಡಿ ಅದನ್ನು ತಗ್ಗಿಸಿದರು. ನಮ್ಮಲ್ಲಿ 1972ರಲ್ಲಿ ಹೊರಬಂದ ಸ್ಟ್ಯಾಂಡರ್ಡ್ ಗೆಜೆಲ್ ಕಾರಿಗೆ ಇಡಿಯ ಅಚ್ಚನ್ನೇ ಕೊಟ್ಟರು. ಹೆರಾಲ್ಡ್ ಉಳ್ಳವರಿಗೆ ಉಳಿದಿರುವ ಮದ್ದು ಒಂದೇ: ತಿರುವಿಗೆ ಮುನ್ನವೇ ವೇಗ ಇಳಿಸಬೇಕು, ತಿರುವಿನೊಳಗೆ ಆಕ್ಸಿಲರೇಟರನ್ನು ಫಕ್ಕನೆ ಬಿಡಬಾರದು. ಮಾವನವರು ಇದನ್ನು ಚೆನ್ನಾಗಿ ರೂಢಿಸಿಕೊಂಡಿದ್ದಾರೆ. ಅಜ್ಜಿಯೂ ಅದೇ ಗಾಡಿಯಲ್ಲಿ ಬಳ್ಳಾರಿಗೆ ಬಂದು ಹೋಗುತ್ತಾರೆ.

ಇದರಿಂದ ನನಗೆ ಮನದಟ್ಟಾದುದಿಷ್ಟು. ದೂರು ಒಂದೆಂದ ಮಾತ್ರಕ್ಕೆ ಕಾರಣವೂ ಒಂದಾಗಿರಬೇಕಿಲ್ಲ. ಅಗ್ಗದ ಪರೀಕ್ಷೆಯನ್ನು ಮೊದಲು ಮಾಡಬೇಕು. ಒಂದನ್ನು ಬದಲಿಸಿ ಫಲವನ್ನು ನೋಡಿದ ಮೇಲೆಯೇ ಮತ್ತೊಂದಕ್ಕೆ ಕೈಹಾಕಬೇಕು. ಸೈಕಲ್ಲಾಗಲಿ, ಪಂಪ್‌ಸೆಟ್ಟಾಗಲಿ, ಮನೆಯಲ್ಲಿ ಕೆಟ್ಟು ನಿಂತ ಯಾವ ಯಂತ್ರದ ಮೇಲಾದರೂ ಸಹಪಾಠಿಗಳು ಈ ಕ್ರಮವನ್ನು ಪ್ರಯೋಗಿಸಿ ನೋಡಬಹುದು. ಪರೀಕ್ಷೆಗೆಂದು ಕಂಠಪಾಠ ಮಾಡಿದ ತರ್ಕದ ಪುಟಗಳು ಆಗ ಬೇರೆಯೇ ಅರ್ಥವನ್ನು ಕೊಡುವುವೆಂದು ನನ್ನ ನಂಬಿಕೆ.